ಡಾಕ್ಟರ ಸುರಂಗದಲ್ಲಿ ನಿಂತ ರೈಲು

ನಗಬಾರದ ಕಡೆಯೇ ನಗು ಬರಲಿ ಅಂತ ನಮ್ಮ ಗುಂಪಿನ ಹಣೇಲಿ ಬರೆದಿತ್ತೋ ಏನೋ. ನಮ್ಮ ಡಾಕ್ಟ್ರು ತೀರಿಹೋಗಿ, ವೈಕುಂಠ ಸಮಾರಾಧನೆ ಮುಗಿದ ಮರು ಭಾನುವಾರ, ಅವರ ಮನೆಯಲ್ಲೇ, ಅವರ ಹೆಂಡತಿಯ ಎದುರೇ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಛೀ ಅನ್ನೋ ಮುಂಚೆ ಪೂರ್ತಿ ಕೇಳಿ.

ಡಾಕ್ಟ್ರು ಅಂದರೆ ಹಲ್ಲಿನ ಡಾಕ್ಟ್ರು. ಚಾಮರಾಜಪೇಟೆಯಲ್ಲಿ ಕೆಳಗೆ ಹಲ್ಲು ಕೀಳೋ ಶಾಪು ಮತ್ತು ಮನೆ, ಮಹಡಿ ಮೇಲೆ ರೈಲು. ಬಿಸ್ಕತ್ತು ಡಬ್ಬದ ತಗಡಿನಲ್ಲಿ ಅಂಗೈಯಷ್ಟು ಎಂಜಿನ್ನು ಮಾಡಿ, ಕರೆಂಟಿನಲ್ಲಿ ಓಡಿಸೋರು. ರೈಲಿನ ಹುಚ್ಚು ಹಿಡಿದ ನಾವು ನಾಲ್ಕಾರು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದೆವು. ಆಗ ನಮ್ಮ ಬೀದಿಗೆ ಟಿವಿ ಬಂದಿರಲಿಲ್ಲ. ಬಂದ ಮೇಲೂ ನಾವು ಅದರ ಮುಂದೆ ಕೂರಲಿಲ್ಲ.

ನನ್ನ ಹಲ್ಲು

ನನ್ನದು ಅವೆನ್ಯೂ ರಸ್ತೆಯಲ್ಲಿ ಕಾಗದ, ರಟ್ಟಿನ ಅಂಗಡಿ. ಒಮ್ಮೆ ಕೆನ್ನೆ ಊದಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆಗೆಸಿ, ಹತ್ತಿ ತುರುಕಿ ಕೇಳಿದರು:

"ರಟ್ಟಿನ ಅಂಗಡೀನಾ ನಿಮ್ದು? ತೆಳ್ಳಗೆ, ಆದ್ರೆ ಬಗ್ಗದೇ ಇರೋ ರಟ್ಟು ಸಿಗತ್ತಾ?"

"ಆಂ" ಅಂದೆ. ಅಷ್ಟೇ ಅನ್ನಲಿಕ್ಕೆ ಸಾಧ್ಯವಿತ್ತು.

ಅವರ ಮುಖ ಅರಳಿತು. ಜೇಬಿನಿಂದ ಒಂದು ಪುಟ್ಟ ಗಾಲಿ ತೆಗೆದು, ಇಕ್ಕಳದಲ್ಲಿ ಸಿಕ್ಕಿಸಿ, "ಒಂದ್ನಿಮಿಷ ಹಿಡ್ಕೊಳಿ" ಅಂದರು. ನನ್ನ ಹಲ್ಲು ಕೊರೆಯಬೇಕಾದ ಯಂತ್ರದಲ್ಲಿ ಗಾಲಿ ಕೊರೆಯತೊಡಗಿದರು. ನಾನು ಬಾಯಿ ತೆಗೆದುಕೊಂಡೇ ಗಾಲಿ ಹಿಡಿದಿದ್ದೆ. ಬೆಂಚಿನ ಮೇಲಿದ್ದವರೊಬ್ಬರು, "ಡಾಕ್ಟ್ರೇ, ಅವರ ಹಲ್ಲು?" ಅಂದರು. "ಅದೆಲ್ಲಿಗೆ ಹೋಗತ್ತೆ, ಇರತ್ತೆ ಬಿಡಿ" ಅಂದರು ಡಾಕ್ಟ್ರು.

ಆಮೇಲೆ ಔಷಧಿಯನ್ನೂ ಹಾಕಿದರು, ಇಲ್ಲ ಅನ್ನಲಾರೆ. ಮನೆಗೆ ಬಂದರೆ ಹೆಂಡತಿ ಕೇಳಿದಳು, "ಹಲ್ಲು ಕಿತ್ರಾ?"

"ಇಲ್ಲ ಕಣೇ. ಭಾನುವಾರ ಬರಕ್ಕೆ ಹೇಳಿದಾರೆ, ರಟ್ಟು ತಗೊಂಡು."

ಬಣ್ಣ ಬಳಿಯೋನು

ಡಾಕ್ಟರ ಎದುರು ಯಾವ ವಸ್ತುವನ್ನೂ ಚೆನ್ನಾಗಿದೆ ಅನ್ನುವ ಹಾಗಿರಲಿಲ್ಲ. ಅಂದರೆ ಹಳೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟುಬಿಡೋರು. ತಿಂಗಳುಗಟ್ಟಲೆ ಕೂತು ಮಾಡಿದ್ದಾದರೂ ಸರಿಯೇ. ಅವರ ಹೆಂಡತಿಯನ್ನು ನಾವು ಅಮ್ಮಾವ್ರು ಅಂತಿದ್ದೆವು. "ಯಾರಾದ್ರೂ ನನ್ನನ್ನ ಚೆನ್ನಾಗಿದಾರೆ ಅಂದ್ರೆ ನನ್ನನ್ನೂ ಪೇಪರಲ್ಲಿ ಸುತ್ತಿ ಕೊಟ್ಬಿಡ್ತಾರೆ" ಅನ್ನೋರು ಅವರು.

ಹಾಗೆ ಒಂದು ಎಂಜಿನ್ನು ಪಡೆದ ನಮ್ಮ ಗುಂಪಿನ ಎಂಜಿನಿಯರು, ತಾನೇ ಮಾಡಿದ್ದು ಅಂತ ಬೀಗರ ಮುಂದೆ ಕೊಚ್ಚಿಕೊಂಡ. ಬೀಗರು ನಮಗೂ ಒಂದು ಮಾಡಿಕೊಡಿ ಅಂದರು. ಪಾಪ, ಅವನಿಗೆ ಮೊಳೆ ಹೊಡೆಯೋಕೂ ಬರುತ್ತಿರಲಿಲ್ಲ. ಡಾಕ್ಟರ ಕಾಲಿಗೆ ಬಿದ್ದ. ಡಾಕ್ಟ್ರು ಬೈಯಲಿಲ್ಲ. ಇನ್ನೊಂದು ಮಾಡಿದ್ದಲ್ಲದೆ, ಡಬ್ಬ ಹೊತ್ತುಕೊಂಡು ಬಸವನಗುಡಿಯ ಬೀಗರ ಮನೆಗೆ ಅವನ ಹಿಂದೆಯೇ ಹೋದರು. "ಎಲ್ಲಾ ಸಾಹೇಬ್ರ ಕೆಲಸ. ನಾನು ಬರೀ ಬಣ್ಣ ಬಳಿಯೋನು" ಅಂದರಂತೆ. ಬೀಗರು ಕನ್ನಡಕ ಏರಿಸಿ ನೋಡಿ, "ಕೆಲಸ ಚೆನ್ನಾಗಿದೆ. ಬಣ್ಣವೇ ಸರಿಯಿಲ್ಲ, ಇನ್ಮೇಲೆ ನೋಡ್ಕೊಂಡು ಬಳಿಯಯ್ಯ" ಅಂತ ಗದರಿ ಕಳಿಸಿದರು.

ಆರು ತಿಂಗಳಾಗಿರಲಿಲ್ಲ, ಬೀಗರಿಗೆ ಹಲ್ಲುನೋವು. ಪಕ್ಕದ ಮನೆಯವರು ಯಾರೋ ಹೇಳಿದರೆಂದು ಚಾಮರಾಜಪೇಟೆಗೆ ಬಂದು ಕುರ್ಚಿಯಲ್ಲಿ ಕೂತು ಬಾಯಿ ತೆಗೆದರು. ಬಿಳಿ ಕೋಟು ಹಾಕಿಕೊಂಡು ಎದುರಿಗೆ ನಿಂತವರನ್ನು ನೋಡಿದ್ದೇ ಫಟ್ಟನೆ ಬಾಯಿ ಮುಚ್ಚಿದರು.

"ಅಯ್ಯೋ, ಈ ಕೆಲಸಾನೂ ನಿನ್ಗೇ ಕೊಟ್ಟಿದಾರೇನಯ್ಯಾ?"

ದವಡೆ ಬೆಟ್ಟ

ರೈಲಿಗೆ ಬೆಟ್ಟ ಬೇಕು, ಬೆಟ್ಟಕ್ಕೆ ಸುರಂಗ ಬೇಕು. ಹಲ್ಲಿನ ಸೆಟ್ಟು ಮಾಡಲು ಜನರ ದವಡೆಯ ಅಚ್ಚು ತೆಗೆಯುತ್ತಾರಲ್ಲ, ಸುಣ್ಣದ ಹಾಗೆ ಬೆಳ್ಳಗಿರುತ್ತದೆ, ಅಂಥ ಹಳೇ ಅಚ್ಚುಗಳನ್ನೇ ಪೇರಿಸಿ, ಹಸಿರು ಬಳಿದು ಡಾಕ್ಟ್ರು ಬೆಟ್ಟ ಕಟ್ಟಿದ್ದರು. ಚಾಮರಾಜಪೇಟೆಯ ದೊಡ್ಡ ಮನುಷ್ಯರೆಲ್ಲ ಅಲ್ಲಿ ಬಂಡೆಗಳಾಗಿದ್ದರು. ನನ್ನದು ಸುರಂಗದ ಬಾಯಿಯ ಎಡಕ್ಕಿತ್ತು.

ಆ ಸುರಂಗದ್ದು ಒಂದು ರೋಗ. ಪ್ರತಿ ಭಾನುವಾರ ಬೆಳಿಗ್ಗೆ ಒಂದಲ್ಲ ಒಂದು ಹೊತ್ತಿನಲ್ಲಿ ರೈಲು ಒಳಗೆ ಹೋಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಹೊರಡುತ್ತಿತ್ತು. "ಮೋಟಾರು ಬಿಸಿಯಾಗಿ ನಿಲ್ಲತ್ತೆ, ಆರಿದ ಮೇಲೆ ಹೊರಡತ್ತೆ" ಅಂತ ಎಂಜಿನಿಯರು ವರ್ಷಗಟ್ಟಲೆ ಪಾಠ ಹೇಳಿದ. ಡಾಕ್ಟ್ರು ಗಂಭೀರವಾಗಿ ತಲೆಯಾಡಿಸಿ, "ಇರಬಹುದು, ನೋಡೋಣ" ಅನ್ನೋರು. ರೈಲು ಹೊರಟದ್ದೇ ಎದ್ದು ಕೆಳಗೆ ಹೋಗೋರು. ಹೋದವರು ಬಿಸಿಬಿಸಿ ಕಾಫಿಯ ತಟ್ಟೆ ಹಿಡಿದೇ ಬರೋರು. ಯಾರೂ ಕೂಗಿರುತ್ತಿರಲಿಲ್ಲ.

"ಏನು ಮೂಗಪ್ಪಾ ಇವರದು, ಮಹಡಿ ಮೇಲಿಂದಲೇ ವಾಸನೆ ಹಿಡೀತಾರೆ!" ಅಂತ ನಾವು ಬೆರಗಾಗುತ್ತಿದ್ದೆವು.

ಹೊರಗೆ ಬಂದದ್ದು

ಅಂಥದೇ ಒಂದು ಭಾನುವಾರ ರೈಲು ಸುರಂಗದೊಳಗೆ ನಿಂತಿತ್ತು. ಡಾಕ್ಟ್ರು ಎದೆ ಹಿಡಿದುಕೊಂಡು ನಮ್ಮ ಕಣ್ಣೆದುರೇ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ನನಗಂತೂ ಒಡಹುಟ್ಟಿದವರು ಹೋದಷ್ಟು ಸಂಕಟವಾಯಿತು.

ಕರ್ಮಗಳೆಲ್ಲ ಮುಗಿದ ಮೇಲೆ ಅಮ್ಮಾವ್ರು ನಮ್ಮನ್ನು ಕರೆಸಿದರು. "ಅವರ ರೈಲು ಇನ್ನೂ ಒಳಗೇ ಇದೆ. ಒಂದು ಸುತ್ತು ಓಡ್ಸಿ ತೋರ್ಸಿ. ಓಡಿದ್ರೆ ಎಲ್ಲಾ ಇಲ್ಲೇ ಇರ್ಲಿ. ಇಲ್ಲಾ ಅಂದ್ರೆ ಎಲ್ಲಾ ಬಿಚ್ಚಿ ನೀವೇ ಹಂಚ್ಕೊಂಡ್ಬಿಡಿ. ನಿಂತ ರೈಲನ್ನ ತಲೆ ಮೇಲಿಟ್ಕೊಂಡು ಕೆಳಗೆ ನಾನು ಹೇಗೆ ಮಲಗ್ಲಿ?"

ಕೋಲು ತೂರಿಸಿ ಎಳೆಯಬಹುದಿತ್ತು. ಆದರೆ ಅವರು ಕೇಳಿದ್ದು ಓಡೋದನ್ನ. ತಂತಿ ನೋಡಿದೆವು, ಹಳಿ ಒರೆಸಿದೆವು, ಕರೆಂಟು ಕೊಟ್ಟೆವು, ಏನೂ ಆಗಲಿಲ್ಲ. ಬೆಟ್ಟದ ಒಂದೊಂದೇ ದವಡೆ ಕಿತ್ತೆವು. ಎಂಜಿನಿಯರು ಅಂಗಾತ ಮಲಗಿ ಭುಜದವರೆಗೂ ಕೈ ತೂರಿಸಿದ. ಬಿಚ್ಚಿ ಹಂಚಿಕೊಳ್ಳುವುದೇ ಗತಿ ಅನ್ನಿಸಿತು. ನಮ್ಮ ಬೆವರು ನೋಡಲಾರದೆ ಅಮ್ಮಾವ್ರು, "ಕಾಫಿನಾದ್ರೂ ಮಾಡ್ತೀನಿ" ಅಂತ ಕೆಳಗಿಳಿದರು.

ಸ್ವಲ್ಪ ಹೊತ್ತಿಗೆ, ಗರಗರ ಅಂತ ಎಂಜಿನಿಯರ ಬೆರಳು ತುಳಿದುಕೊಂಡು ರೈಲು ಹೊರಗೆ ಬಂತು!

"ಅಯ್ಯಪ್ಪಾ! ನೋಡಿದ್ರಾ, ಸರಿ ಮಾಡ್ಬಿಟ್ಟೆ!" ಅಂತ ನೋವಿನಲ್ಲೂ ಕೂಗಿದ ಅವನು.

ತಟ್ಟೆ ಹಿಡಿದು ಬಂದ ಅಮ್ಮಾವ್ರು ಓಡುವ ರೈಲನ್ನು ಕಣ್ತುಂಬ ನೋಡಿದರು. ಆಮೇಲೆ ಅಂದರು, "ಇವತ್ತು ಸಿಗ್ನಲ್ಲು ಬೇರೆ ಇಳಿಸ್ದೆ, ಅಭ್ಯಾಸಬಲ."

"ಯಾವ ಸಿಗ್ನಲ್ಲು?"

"ಅಡುಗೆಮನೇದು. ಭಾನುವಾರ ಹಾಲು ಒಲೆ ಮೇಲಿಟ್ಟಾಗ ಮೇಲೆತ್ತು, ಕಾಫಿ ಆದಾಗ ಇಳಿಸು ಅಂತ ಅವರೇ ಮಾಡ್ಕೊಟ್ಟಿದ್ದು. ಆಟಕ್ಕೆ ಅಂದ್ಕೊಂಡಿದ್ದೆ. ಆವತ್ತು ಎತ್ತಿದೋಳು ಇಳಿಸೇ ಇರ್ಲಿಲ್ಲ."

ಅವರ ಅಡುಗೆಮನೆ ಮಡಿ. ನಾವ್ಯಾರೂ ಹೊಸ್ತಿಲು ದಾಟಿದವರಲ್ಲ. ಅವರೇ ಕೆಳಗೆ ಹೋಗಿ ಸಿಗ್ನಲ್ಲು ಎತ್ತಿದರು. ರೈಲು ಸುರಂಗಕ್ಕೆ ಹೋಗಿ ನಿಂತಿತು. ಇಳಿಸಿದರು, ಹೊರಟಿತು. ನಾವು ಎಂಜಿನಿಯರ ಮುಖ ನೋಡಿದೆವು. ಅವನು ಬೆರಳು ನೋಡಿಕೊಂಡ.

ಅಮ್ಮಾವ್ರು ಮೇಲೆ ಬಂದು ಕುರ್ಚಿಯಲ್ಲಿ ಕೂತರು. "ಅಲ್ರೀ, ಮೊದಲೆಲ್ಲ ಕಾಫಿ ಆಯ್ತು ಅಂತ ಗಂಟಲು ಹರ್ಕೊಂಡ್ರೂ ಒಂದ್ಸಲ ಓಗೊಡ್ಲಿಲ್ಲ ಈ ಮನುಷ್ಯ. ನನ್ನ ಕಾಫಿಗೆ ರೈಲೇ ನಿಲ್ಲಿಸ್ಕೊಂಡು ಕಾಯ್ತಿದ್ರಾ?" ಅಂತ ನಗತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ನಾವೂ ಹಾಗೇ ನಕ್ಕೆವು, ಹಾಗೇ ಅತ್ತೆವು.

ರೈಲು ಅಲ್ಲೇ ಉಳಿಯಿತು, ಭಾನುವಾರವೂ ಉಳಿಯಿತು. ಒಂದೇ ತೊಂದರೆ ಅಂದರೆ, ಅಮ್ಮಾವ್ರಿಗೆ ಈಗ ತಮ್ಮ ಅಧಿಕಾರ ಗೊತ್ತಾಗಿಬಿಟ್ಟಿದೆ. ಗಾಂಧಿ ಬಜಾರಿನಿಂದ ನಾವು ತರಕಾರಿ ತಂದ ಮೇಲೇ ಸಿಗ್ನಲ್ಲು ಇಳಿಯುವುದು. ಹೋದ ವಾರ ಎಂಜಿನಿಯರು ತಂದ ಬೀನ್ಸು ಬಲಿತಿತ್ತಂತೆ. ರೈಲು ಅವತ್ತೆಲ್ಲ ಸುರಂಗದಲ್ಲೇ ಇತ್ತು.