ತಿಮಿಂಗಿಲದ ಹೊಟ್ಟೆಯಲ್ಲಿ ಒಂದು ಮೇಜು

ಊಟದ ವಿಷಯದಲ್ಲಿ ಮಕ್ಕಳ ಅಭಿಪ್ರಾಯವನ್ನೂ ಕೇಳಬೇಕು ಎಂದು ಯಾವ ಪುಣ್ಯಾತ್ಮ ಬರೆದನೋ, ಅವನಿಗೆ ಮಕ್ಕಳಿರಲಿಕ್ಕಿಲ್ಲ. ಇದ್ದರೂ ಅವಕ್ಕಿನ್ನೂ ಮಾತು ಬಂದಿರಲಿಕ್ಕಿಲ್ಲ. ಆದರೆ ಯಾಕಮ್ಮನ ತಾಯಿ ಆ ಲೇಖನವನ್ನು ಓದಿದ್ದಳು. ಓದಿ ಸುಮ್ಮನಿರದೆ ನಂಬಿಯೂ ಬಿಟ್ಟಿದ್ದಳು. ಹಾಗಾಗಿ ಥೀಮ್ ಪಾರ್ಕಿನ ಹೋಟೆಲಿಗೆ ಬಂದಿಳಿದ ಆ ಶನಿವಾರ ಸಂಜೆ, ಸೂಟ್‌ಕೇಸಿನ ಬೀಗ ತೆಗೆಯುವ ಮೊದಲೇ, ಮಂಚದ ಮೇಲೆ ದುಂಡು ಮೇಜಿನ ಪರಿಷತ್ತು ಸೇರಿತು. (ಮೇಜು ಇರಲಿಲ್ಲ. ದುಂಡಗಿದ್ದದ್ದು ಗಂಡನ ಹೊಟ್ಟೆಯೊಂದೇ.)

ಯಾಕಮ್ಮ ಎಂಬುದು ಮಗಳ ಹೆಸರಲ್ಲ, ಬಿರುದು. ಹಲ್ಲುಜ್ಜು ಎಂದರೆ “ಯಾಕಮ್ಮಾ?”, ಮಲಗು ಎಂದರೆ “ಯಾಕಮ್ಮಾ?”, ಸೂರ್ಯ ಮುಳುಗಿದ ಎಂದರೆ “ಯಾಕಮ್ಮಾ?”. ಕೇಳಿ ಕೇಳಿ ಸುಸ್ತಾದ ಅಜ್ಜ, ಅಂದರೆ ತಾಯಿಯ ಅಪ್ಪ, ದಯಪಾಲಿಸಿದ ಬಿರುದು ಅದು. ಇನ್ನು ಯಾಕಮ್ಮನ ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಕಿಟಕಿಯಾಚೆ ಜೈಂಟ್ ವೀಲ್ ಕಂಡಾಗ ಬೇರೆಯವರೆಲ್ಲ “ಅಬ್ಬಾ, ಎಷ್ಟೆತ್ತರ!” ಎಂದು ಬಾಯಿಬಿಟ್ಟರೆ, ಇವನು “ಗ್ರೀಸ್ ಹಾಕಿ ಎಷ್ಟು ಕಾಲ ಆಯ್ತೋ” ಎಂದು ನಿಟ್ಟುಸಿರುಬಿಡುವ ಆಸಾಮಿ. ತಾಯಿಯದು ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳಿಗೆ ಪಾಳಿ ಹಂಚುವ ಕೆಲಸ. ಯಾರಿಗೆ ಹಗಲು, ಯಾರಿಗೆ ರಾತ್ರಿ, ಯಾರ ಅತ್ತೆಗೆ ನಿಜವಾಗಿ ಹುಷಾರಿಲ್ಲ, ಯಾರ ಅತ್ತೆ ರಜೆ ಬೇಕಾದಾಗ ಮಾತ್ರ ಹಾಸಿಗೆ ಹಿಡಿಯುತ್ತಾರೆ ಎಂಬುದೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅಷ್ಟು ಜನ ಹೆಂಗಸರನ್ನು ಜಗಳವಿಲ್ಲದೆ ಹಗಲಿಗೂ ಇರುಳಿಗೂ ಹಂಚಿದವಳಿಗೆ ಒಂದು ಮಗುವನ್ನು ಒಂದು ಊಟಕ್ಕೆ ಒಪ್ಪಿಸುವುದು ಯಾವ ಮಹಾ ವಿದ್ಯೆ!

“ನೋಡು ಬಂಗಾರ, ಇವತ್ತಿನ ಊಟ ನಿನ್ನ ಇಷ್ಟ” ಎಂದು ಅವಳು ಉದಾರವಾಗಿ ಶುರುಮಾಡಿದಳು. “ನೀಲಿ ಫ್ರಾಕ್ ಹಾಕ್ಕೊಂಡು ತಿಮಿಂಗಿಲದ ಹೋಟೆಲಿಗೆ ಹೋಗೋಣ್ವಾ? ಇಲ್ಲ, ಹಳದಿ ಫ್ರಾಕ್ ಹಾಕ್ಕೊಂಡು ತಿಮಿಂಗಿಲದ ಹೋಟೆಲಿಗೆ ಹೋಗೋಣ್ವಾ?”

ಗಂಡ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಅವಳಿಗೆ ಗೊತ್ತಿತ್ತು.

ಯಾಕಮ್ಮ ಗಲ್ಲಕ್ಕೆ ಬೆರಳು ಕೊಟ್ಟು ಗಹನವಾಗಿ ಯೋಚಿಸಿ ತೀರ್ಪಿತ್ತಳು: “ನಾನು ಸೂಟ್‌ಕೇಸ್ ಮೇಲೆ ಕೂತ್ಕೊಂಡು ಬ್ರೆಡ್ಡು ಜಾಮ್ ತಿಂತೀನಿ.”

“ಸೂಟ್‌ಕೇಸ್ ಮೇಲಾ? ಯಾಕೆ?” (ಈ ಪ್ರಶ್ನೆ ತಾಯಿಯ ಬಾಯಲ್ಲಿ ಬಂದದ್ದು ಆ ಮನೆಯ ಇತಿಹಾಸದಲ್ಲಿ ಅದೇ ಮೊದಲು.)

“ಪಾರ್ಕಿಗೆ ಬಂದ ದಿನ ಹಾಗೇ ತಾನೇ ತಿನ್ನೋದು? ನೀನೂ ಅಜ್ಜನೂ ತಿಂದ್ರಲ್ಲ!”

ತಾಯಿ ಬೀಗ ತೆಗೆಯದ ಸೂಟ್‌ಕೇಸಿನತ್ತ ತಿರುಗಿ ನೋಡಿದಳು.

ಆ ಕಥೆಯನ್ನು ಮಗಳಿಗೆ ಹೇಳಿದವಳು ಅವಳೇ. ಹಾಲು ಬೇಡವೆಂದಾಗ, ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದಾಗ, ಹೊಸ ಚಪ್ಪಲಿಯ ಬಣ್ಣ ಸರಿಯಿಲ್ಲವೆಂದು ಮೂತಿ ಉಬ್ಬಿಸಿದಾಗಲೆಲ್ಲ ಹೇಳುತ್ತ ಬಂದಿದ್ದಳು. ಕಥೆ ನಡೆದಾಗ ತಾಯಿಗೆ ಏಳು ವರ್ಷ. ಅಪ್ಪ ಅವಳೊಬ್ಬಳನ್ನೇ ಕರೆದುಕೊಂಡು ಒಂದು ಪಾರ್ಕಿಗೆ ಹೊರಟಿದ್ದ. ದಾರಿಯಲ್ಲಿ ಬಸ್ಸು ಕೆಟ್ಟಿತು. ಬಂದು ಸೇರುವ ಹೊತ್ತಿಗೆ ದೀಪ ಹತ್ತಿತ್ತು. ಪಾರ್ಕಿನ ಬಾಗಿಲಲ್ಲೇ ಒಂದು ಗಾಜಿನ ಹೋಟೆಲು. ಒಳಗೆ ಕಾಗದದ ಗೂಡುದೀಪಗಳ ಕೆಳಗೆ ಮಕ್ಕಳು ಕಾಲು ಕುಣಿಸುತ್ತ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಅಪ್ಪ ಒಳಗೆ ಹೋಗಿ ಏನೋ ಕೇಳಿದ. ಕೌಂಟರಿನವನು ತಲೆಯಾಡಿಸಿದ. ಜಾಗವಿಲ್ಲ. ಎದುರಿಗಿದ್ದ ತಂಗುವ ಕೋಣೆಯವನೋ, ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದ. ಅಪ್ಪ ಮಗಳಿಬ್ಬರೂ ಬೀಗ ಹಾಕಿದ ಬಾಗಿಲ ಮುಂದೆ ತಗಡಿನ ಟ್ರಂಕಿನ ಮೇಲೆ ಕೂತರು. ಅಪ್ಪ ಅಂಗಡಿಯಿಂದ ಬ್ರೆಡ್ಡು ಜಾಮ್ ತಂದ. ಚಾಕು ಇರಲಿಲ್ಲ. ಅವಳ ಕಂಪಾಸು ಪೆಟ್ಟಿಗೆಯ ಸ್ಕೇಲಿನಿಂದಲೇ ಜಾಮ್ ಹಚ್ಚಿಕೊಟ್ಟ. ತಿರುಗುವ ಚಕ್ರದ ದೀಪ ಅಪ್ಪನ ಅಂಗಿಯ ಮೇಲೆ ಒಮ್ಮೆ ಕೆಂಪಾಗಿ, ಒಮ್ಮೆ ಹಸಿರಾಗಿ ಸರಿಯುತ್ತಿತ್ತು. ಗಾಜಿನಾಚೆ ನೋಡುತ್ತ ನೋಡುತ್ತ ಅವಳು ಅತ್ತಿದ್ದಳು.

ಇದು ಕೇಳಿದವರ ಕರುಳು ಕಿವುಚಬೇಕಾದ ಕಥೆ. ಇದನ್ನು ಕೇಳಿದ ಮಗು ತಟ್ಟೆ ಖಾಲಿ ಮಾಡಬೇಕು. ತಾಯಿಯ ಲೆಕ್ಕ ಇದ್ದದ್ದು ಹಾಗೆ. ಮಗು ಖಾಲಿ ಮಾಡುತ್ತಲೂ ಇತ್ತು. ಆದರೆ ಅದರ ತಲೆಯಲ್ಲಿ ಈ ಕಥೆ ಬೇರೆಯೇ ಬಣ್ಣದಲ್ಲಿ ಮೊಳೆಯುತ್ತಿತ್ತೆಂದು ಯಾರಿಗೆ ಗೊತ್ತಿತ್ತು! ಟ್ರಂಕಿನ ಮೇಲೆ ಕೂರುವುದು, ಸ್ಕೇಲಿನಲ್ಲಿ ಜಾಮ್ ಹಚ್ಚುವುದು, ಕೈ ತೊಳೆ ಎನ್ನುವವರು ಯಾರೂ ಇಲ್ಲದಿರುವುದು: ಯಾಕಮ್ಮನ ಪಾಲಿಗೆ ಥೀಮ್ ಪಾರ್ಕ್ ಎಂದರೆ ಅದೇ. ಉಳಿದ ಚಕ್ರ, ರೈಲು, ಜಾರುಬಂಡೆಗಳೆಲ್ಲ ಊಟದ ಮೇಲಿನ ಎಲೆಯಡಿಕೆ.

ತಾಯಿಗಾದರೋ ತನ್ನ ಮಗಳು ಗಾಜಿನ ಈಚೆ ನಿಲ್ಲಬಾರದು ಎಂಬುದೊಂದೇ ಹಟ. ಈ ಊಟವನ್ನು ಮಗಳು ದೊಡ್ಡವಳಾದ ಮೇಲೂ ನೆನೆಯಬೇಕು, ನೆನೆದು ನಗಬೇಕು. ಅದಕ್ಕೇ ತಿಂಗಳುಗಳ ಹಿಂದೆಯೇ ಫೋನಿನಲ್ಲಿ ಈ ಪಾರ್ಕಿನ ಅತಿ ದೊಡ್ಡ ಆಕರ್ಷಣೆಯಾದ ‘ತಿಮಿಂಗಿಲದ ಹೊಟ್ಟೆ’ಯಲ್ಲಿ ಮೇಜು ಕಾದಿರಿಸಿದ್ದಳು. ಬಾಯಿಯಿಂದ ಒಳಹೊಕ್ಕು, ನಾಲಿಗೆಯ ಮೇಲೆ ನಡೆದು, ಪಕ್ಕೆಲುಬುಗಳಲ್ಲಿ ತೂಗುವ ದೀಪಗಳ ಕೆಳಗೆ ಕೂತು ಉಣ್ಣುವ ಹೋಟೆಲದು.

“ರೀ, ನೀವಾದ್ರೂ ಹೇಳಿ ಇವಳಿಗೆ.”

“ನಾನೇನು ಹೇಳ್ಲಿ? ಸೂಟ್‌ಕೇಸ್ ಗಟ್ಟಿಯಾಗೇ ಇದೆ. ಭಾರ ತಡೆಯುತ್ತೆ.”

“ಭಾರದ ವಿಷಯ ಕೇಳಿದ್ನಾ ನಾನು?”

“ಇಲ್ಲ ಕಣೇ, ಅಭಿಪ್ರಾಯ ಕೇಳೋದು ಅಂದ್ಮೇಲೆ...”

“ಅಭಿಪ್ರಾಯ ಕೇಳಿ ಆಯ್ತು. ಈಗ ಎಲ್ಲರೂ ಹೊರಡಿ!” ಎಂದು ತಾಯಿ ಪರಿಷತ್ತನ್ನು ವಿಸರ್ಜಿಸಿದಳು. ಪ್ರಜಾಪ್ರಭುತ್ವ ಅಲ್ಲಿಗೆ ಮುಗಿಯಿತು. ಯಾಕಮ್ಮ ಪ್ರತಿಭಟನೆಯ ಕುರುಹಾಗಿ ನೀಲಿಯೂ ಅಲ್ಲದ ಹಳದಿಯೂ ಅಲ್ಲದ ಮಲಗುವ ಪೈಜಾಮ ತೊಟ್ಟು ಹೊರಟಳು.

ದಾರಿಯುದ್ದಕ್ಕೂ ದೀಪಗಳು ಹತ್ತಿಕೊಳ್ಳುತ್ತಿದ್ದವು. ಹುರಿದ ಜೋಳದ ಘಮ, ಎಲ್ಲೋ ಬ್ಯಾಂಡಿನ ಸದ್ದು, ಮೇಲಿನಿಂದ ಒಟ್ಟಿಗೇ ಕಿರುಚುವ ಜನ. ತಾಯಿಯ ಎದೆ ಏಳು ವರ್ಷದ ಹುಡುಗಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ತಿಮಿಂಗಿಲದ ಬಾಯಿಗೆ ಬಂದರೆ, ಮೀನಿನ ಟೋಪಿ ಹಾಕಿದ ಹುಡುಗಿಯೊಬ್ಬಳು ಹಲ್ಲುಗಳ ನಡುವೆ ನಿಂತು ನಗುತ್ತಿದ್ದಳು.

“ಮೂರು ಜನ, ಶನಿವಾರ ರಾತ್ರಿ, ಕಿಟಕಿ ಪಕ್ಕದ ಮೇಜು” ಎಂದಳು ತಾಯಿ, ರಾಣಿಯ ಗತ್ತಿನಲ್ಲಿ.

ಹುಡುಗಿ ಪರದೆಯ ಮೇಲೆ ಬೆರಳಾಡಿಸಿದಳು. ನಗು ಸ್ವಲ್ಪ ಸೊರಗಿತು. “ಮೇಡಂ, ನಿಮ್ಮ ಮೇಜು ನಾಳೆಗಿದೆ. ಭಾನುವಾರ ರಾತ್ರಿ.”

“ಸಾಧ್ಯವೇ ಇಲ್ಲ! ನಾನೇ ಒತ್ತಿದ್ದು. ಶನಿವಾರ ರಾತ್ರಿ ಅಂದ್ರೆ...”

ಅಂದವಳು ಅಲ್ಲಿಗೇ ನಿಂತಳು. ಶನಿವಾರ ರಾತ್ರಿ ಎಂದರೆ ಅವಳ ಮಟ್ಟಿಗೆ ಭಾನುವಾರವೇ. ರಾತ್ರಿ ಪಾಳಿ ಶುರುವಾಗುವ ಸಂಜೆಯನ್ನು ಬಿಟ್ಟು ಮುಗಿಯುವ ಬೆಳಗಿನ ತಾರೀಖಿಗೆ ಅದನ್ನು ಹಾಕುವುದು ಅವರ ಆಸ್ಪತ್ರೆಯ ಪದ್ಧತಿ. ವರ್ಷಗಟ್ಟಲೆ ಶನಿವಾರದ ಇರುಳನ್ನು ಪಾಳಿಪಟ್ಟಿಯ ಭಾನುವಾರದ ಮನೆಗೆ ತುಂಬಿಸಿ ತುಂಬಿಸಿ ಪಳಗಿದ ಬೆರಳು, ‘ರಾತ್ರಿ’ ಎಂದು ಕಂಡೊಡನೆ ತಾನಾಗಿಯೇ ಒಂದು ಮನೆ ಮುಂದೆ ಹಾರಿತ್ತು. ನಾಳೆ ಸಂಜೆ ಈ ಹೊತ್ತಿಗೆ ಅವರು ಊರಿನ ರೈಲಿನಲ್ಲಿರುತ್ತಾರೆ.

“ಇವತ್ತು ಒಂದೇ ಒಂದು ಮೂಲೆ? ಬಾಲದ ಹತ್ತಿರ ಆದ್ರೂ?” ತಾಯಿಯ ದನಿಯಲ್ಲಿ ರಾಣಿ ಉಳಿದಿರಲಿಲ್ಲ.

“ಬಾಲನೂ ಭರ್ತಿ ಮೇಡಂ” ಎಂದಳು ಹುಡುಗಿ, ನಿಜವಾಗಿಯೂ ನೊಂದು.

ಗಂಡ ಏನಾದರೂ ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನು ತಿಮಿಂಗಿಲದ ದವಡೆಯ ಕೀಲನ್ನು ಪರೀಕ್ಷಿಸುವವನಂತೆ ಮೇಲೆ ನೋಡುತ್ತ ನಿಂತ. ಇಷ್ಟು ವರ್ಷ ಕಳೆದು, ಇಷ್ಟು ದೂರ ಬಂದು, ಮತ್ತೊಮ್ಮೆ ಬಾಗಿಲಲ್ಲೇ! ಅವಳ ಕಣ್ಣು ತುಂಬಿ ಬಂತು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಯಾಕಮ್ಮ ಅವಳ ಕಾಲನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿದಳು.

“ಅಮ್ಮಾ! ಬೇಕಂತಲೇ ಹೀಗ್ ಮಾಡ್ದೆ ಅಲ್ವಾ? ಅಜ್ಜಂಗೂ ಜಾಗ ಇಲ್ಲ ಅಂದಿದ್ರಲ್ಲ, ಥೇಟ್ ಹಾಗೇ! ನನಗೆ ಗೊತ್ತಿತ್ತು, ಸುಮ್ನೆ ಬೈತಾ ಇದ್ದೆ ನೀನು!”

ಗಂಡ ಹೆಂಡತಿಯ ಮುಖ ನೋಡಿದ. ಹೆಂಡತಿ ತಿಮಿಂಗಿಲದ ಮುಖ ನೋಡಿದಳು.

“ಹೂಂ” ಎಂದಳು ಕೊನೆಗೆ. “ಬೇಕಂತಲೇ.”

ಆಮೇಲಿನ ಉಸ್ತುವಾರಿಯೆಲ್ಲ ಯಾಕಮ್ಮನದೇ. ಅಂಗಡಿಯಲ್ಲಿ ಬ್ರೆಡ್ಡು ಆರಿಸಿದವಳು ಅವಳು. ಜಾಮ್ ಕೆಂಪಗೇ ಇರಬೇಕೆಂದವಳೂ ಅವಳು. ಕೋಣೆಗೆ ಬಂದು ತಾಯಿ ಸೂಟ್‌ಕೇಸನ್ನು ಮಂಚದ ಪಕ್ಕ ಅಡ್ಡ ಮಲಗಿಸಿದರೆ, “ಒಳಗಲ್ಲಮ್ಮಾ! ಬಾಗಿಲು ಹಾಕಿರಬೇಕು, ನಾವು ಹೊರಗಿರಬೇಕು” ಎಂದು ಆಜ್ಞೆಯಾಯಿತು. ಗಂಡ ಅದನ್ನು ಕೋಣೆಯಾಚೆ, ಓಣಿಯಂಥ ಉದ್ದನೆಯ ಕಾರಿಡಾರಿಗೆ ಎಳೆದ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಮೂವರೂ ಸಾಲಾಗಿ ಕೂತರು. ಸ್ಕೇಲು ಇರಲಿಲ್ಲ. ಗಂಡ ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಅಂಗಿಗೆ ಒರೆಸಿದ.

“ಖಬರ್ದಾರ್!” ಎಂದಳು ಹೆಂಡತಿ. “ಮಗುಗೆ ಗ್ರೀಸ್ ತಿನ್ನಿಸ್ತೀರಾ?”

“ಮತ್ತೆ ಯಾವುದ್ರಲ್ಲಿ ಹಚ್ಚೋದು?”

ಕೈಗೆ ಸಿಕ್ಕಿದ್ದು ಕೋಣೆಯ ಬೀಗದ ಕಾರ್ಡು. ನೀಟಾಗಿ, ಚಪ್ಪಟೆಯಾಗಿ, ಜಾಮ್ ಹಚ್ಚಲೆಂದೇ ಹುಟ್ಟಿದಂತಿತ್ತು. (ಅದು ಬಾಗಿಲು ತೆರೆಯಲೆಂದೂ ಹುಟ್ಟಿತ್ತೆಂಬುದು ಮೂವರಿಗೂ ಹೊಳೆದದ್ದು ಮೊದಲ ಬ್ರೆಡ್ಡಿಗೆ ಹಚ್ಚಿಯಾದ ಮೇಲೆ. ಜಾಮ್ ಮೆತ್ತಿದ ಕಾರ್ಡನ್ನು ನೆಕ್ಕಿ, ಒರೆಸಿ, ಊದಿ ಎಷ್ಟು ಓಲೈಸಿದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಹಳೆಯದನ್ನು ಜಾಮಿಗೇ ಬಿಟ್ಟು, ಗಂಡ ಹೊಸ ಕಾರ್ಡು ಬೇಡಲು ಕೆಳಗಿಳಿದು ಹೋದ. ಅಲ್ಲಿ ಏನು ಕಾರಣ ಹೇಳಿದನೋ, ಅದನ್ನು ಅವಳು ಇವತ್ತಿಗೂ ಕೇಳಿಲ್ಲ.)

ಅಜ್ಜನಿಗೆ ಫೋನು ಹಚ್ಚದೆ ಇಂಥ ಶಾಸ್ತ್ರೋಕ್ತ ಊಟ ನಡೆಯುವುದುಂಟೇ! ಪರದೆಯ ಮೇಲೆ ಅಜ್ಜನ ಹಣೆ ಮೂಡಿತು. ಅಜ್ಜ ಫೋನು ಹಿಡಿದರೆ ಕಾಣುವುದು ಹಣೆಯೊಂದೇ.

“ಅಜ್ಜಾ, ನಾವು ಸೂಟ್‌ಕೇಸ್ ಮೇಲೆ ಕೂತಿದೀವಿ! ಜಾಮ್ ಹೆಂಗ್ ಹಚ್ಬೇಕು?”

“ಮೂಲೆವರೆಗೂ ಹಚ್ಬೇಕು ಪುಟ್ಟಿ. ಎಲ್ಲರೂ ನಡುವೆ ಮಾತ್ರ ಹಚ್ತಾರೆ. ಮೂಲೆ ಏನು ಪಾಪ ಮಾಡಿತ್ತು?”

ಯಾಕಮ್ಮ ಹಚ್ಚಿದರೆ ಜಾಮ್ ಪೈಜಾಮದ ಮೂಲೆಯವರೆಗೂ ಹೋಯಿತು. “ಕೊಡು ಇಲ್ಲಿ” ಎಂದು ತಾಯಿ ಕಾರ್ಡು ಕಿತ್ತುಕೊಂಡಳು. ಅಂಚು ತಪ್ಪದಂತೆ, ಮೂಲೆ ಬಿಡದಂತೆ, ಅಪ್ಪನ ಕೈ ಹೇಗೆ ತಿರುಗುತ್ತಿತ್ತೋ ಹಾಗೆಯೇ ಅವಳ ಕೈಯೂ ತಿರುಗಿತು. ಸರಿಯಾಗಿದೆಯೋ ಎಂದು ಒಂದು ಚೂರು ಬಾಯಿಗಿಟ್ಟಳು. ಓಣಿಯ ಕೊನೆಯ ಕಿಟಕಿಯಿಂದ ಚಕ್ರದ ಬೆಳಕು ಕೆಂಪಾಗಿ ಬಂದು ಹಸಿರಾಗಿ ಸರಿಯಿತು. ಮೆತ್ತನೆಯ ಬ್ರೆಡ್ಡು, ಅಂಗುಳಿಗೆ ಅಂಟುವ ಆ ಸಿಹಿ. ಅಪ್ಪನ ಅಂಗಿಯ ಗಂಜಿಯ ವಾಸನೆ, ಟ್ರಂಕಿನ ತಗಡಿನ ತಂಪು, ಬಸ್ಸಿನಲ್ಲಿ ಕೂತು ಕೂತು ಜೋಮು ಹಿಡಿದ ಕಾಲನ್ನು ಅಪ್ಪ ತಿಕ್ಕಿದ್ದು, ಗಾಜಿನ ಹೋಟೆಲಿನ ನೆನಪಲ್ಲಿ ಮರೆತೇಹೋಗಿದ್ದ ಇವೆಲ್ಲ ಒಂದರ ಹಿಂದೊಂದು ಬಂದು ಅವಳ ಪಕ್ಕ ಕೂತವು. ಅವಳು ಹಚ್ಚುತ್ತ ಹೋದಳು.

ಅತ್ತ ಯಾಕಮ್ಮ ವಿಚಾರಣೆ ಮುಂದುವರಿಸಿದ್ದಳು. “ಅಜ್ಜಾ, ಅವತ್ತು ನೀನು ಎಷ್ಟು ಬ್ರೆಡ್ ತಿಂದೆ?”

“ನಾನಾ? ನಾನು ಬರೀ ಜಾಮ್ ಹಚ್ಚಿದ್ದು.”

“ಯಾಕೆ?”

“ತಿನ್ನೋಕೆ ಎಲ್ಲಿ ಬಿಟ್ಲು ನಿಮ್ಮಮ್ಮ! ಒಂದು ಹಚ್ಚಿ ಕೆಳಗಿಡೋಷ್ಟರಲ್ಲಿ ಮಾಯ. ಅವತ್ತು ರಾತ್ರಿ ನಾನು ನೀರು ಕುಡಿದು ಮಲಗಿದ್ದು.”

“ಚುಳ್ಳು ಹೇಳ್ಬೇಡ ಅಪ್ಪಾ!” ಎಂದಳು ತಾಯಿ. ಬಾಯಿ ತುಂಬಿದ್ದರಿಂದ ಸುಳ್ಳು ಸರಿಯಾಗಿ ಹೊರಬರಲಿಲ್ಲ. ಕಷ್ಟಪಟ್ಟು ನುಂಗಿ, “ನಾನು ಆ ಗಾಜಿನ ಹೋಟೆಲ್ ನೋಡ್ಕೊಂಡು ಅಳ್ತಾ ಇದ್ದೆ. ನನಗೆ ಚೆನ್ನಾಗಿ ನೆನಪಿದೆ” ಎಂದಳು.

“ಅತ್ತಿದ್ದೇನೋ ನಿಜ ಮಗಳೇ” ಎಂದಿತು ಹಣೆ, ತಣ್ಣಗೆ. “ಬ್ರೆಡ್ ಮುಗಿದುಹೋಯ್ತು ಅಂತ ಅತ್ತೆ.”

ಯಾಕಮ್ಮ ಮೆಲ್ಲಗೆ ಬ್ರೆಡ್ಡಿನ ಚೀಲಕ್ಕೆ ಕೈಹಾಕಿದಳು. ಮೊಣಕೈವರೆಗೂ ಹಾಕಿದಳು. ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಎರಡು ಪುಡಿ ಬಿದ್ದವು. ಮಗುವಿನ ಕಣ್ಣು ತಾಯಿಯ ಗದ್ದದ ಮೇಲಿದ್ದ ಜಾಮಿನತ್ತ ನಿಧಾನವಾಗಿ ಏರಿತು.

“ಅಜ್ಜಾ! ಅಮ್ಮ ಎಲ್ಲಾ ತಿಂದ್ಬಿಟ್ಲು! ನಂಗೆ ಒಂದೇ ಒಂದು ಕೊಟ್ಟಿದ್ದು!” ಎಂದವಳೇ, ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆಯುವಂತೆ ಯಾಕಮ್ಮ ರಾಗ ತೆಗೆದಳು.

“ಅಯ್ಯೋ, ಅಳಬೇಡ ಕಂದಾ, ನಾನು... ಅದು... ಅಪ್ಪಾ, ಏನ್ಮಾಡ್ಲಿ ಈಗ?”

ಪರದೆ ಅಲುಗಾಡುತ್ತಿತ್ತು. ಅಜ್ಜ ಹೊಟ್ಟೆ ಹಿಡಿದು ನಗುತ್ತಿದ್ದ. “ಅಳಲಿ ಬಿಡು ಮಗಳೇ. ನಾಳೆ ಅವಳ ಮಕ್ಕಳಿಗೆ ಹೇಳೋಕೆ ಅವಳಿಗೂ ಒಂದು ಕಥೆ ಬೇಡ್ವಾ?”

ಅಷ್ಟರಲ್ಲಿ ಹೊಸ ಕಾರ್ಡು ಹಿಡಿದು ಗಂಡ ಮೆಟ್ಟಿಲೇರಿ ಬಂದ. ಅಳುವ ಮಗಳು, ನಗುವ ಮಾವ, ಗದ್ದದಲ್ಲಿ ಜಾಮ್ ಹೊತ್ತ ಹೆಂಡತಿ, ಖಾಲಿ ಚೀಲ, ಎಲ್ಲವನ್ನೂ ಒಂದು ಸುತ್ತು ನೋಡಿದ. ಕಾರ್ಡನ್ನು ಹೆಂಡತಿಯ ಕೈಗಿತ್ತು, ಬಂದ ದಾರಿಯಲ್ಲೇ ಅಂಗಡಿಗೆ ತಿರುಗಿದ.

“ರೀ,” ಎಂದು ಅವಳು ಹಿಂದಿನಿಂದ ಕೂಗಿದಳು, “ಈ ಸಲ ದೊಡ್ಡ ಬ್ರೆಡ್ಡೇ ತನ್ನಿ!”