ಛಾವಣಿಯಿಲ್ಲದ ಕಾರು ಸ್ಟಾಪಿನಲ್ಲಿ ನಿಂತದ್ದು

"ಈ ಭಾನುವಾರ ನಿನ್ನನ್ನ ಆ ಕೆಂಪು ಕಾರಿನಲ್ಲಿ, ನನ್ನ ಪಕ್ಕದಲ್ಲಿ, ಮಹಾರಾಣಿ ಥರ ಕೂರಿಸಿ ಊರು ಸುತ್ತಿಸದೇ ಹೋದ್ರೆ ನಾನು ಸ್ಟೇರಿಂಗ್ ಹಿಡಿದವನೇ ಅಲ್ಲ!"

ಊಟದ ತಟ್ಟೆಯ ಮುಂದೆ ಕೂತು, ಬಲಗೈ ಮೇಲೆತ್ತಿ, ಹಾರ್ನಪ್ಪ ಹೀಗೆ ಪ್ರತಿಜ್ಞೆ ಮಾಡಿದ. ಎತ್ತಿದ ಕೈಯಲ್ಲಿದ್ದ ತುತ್ತು ಜಾರಿ ಮಡಿಲಿಗೆ ಬಿತ್ತು.

"ಮೊದಲು ತುತ್ತನ್ನ ಬಾಯಿಗೆ ಸೇರಿಸಿ. ಆಮೇಲೆ ನನ್ನನ್ನ ಕಾರಿಗೆ ಸೇರಿಸೋರಂತೆ," ಅಂದಳು ಹೆಂಡತಿ.

ಹಾರ್ನಪ್ಪ ಅನ್ನೋದು ತಾಯಿ ಇಟ್ಟ ಹೆಸರಲ್ಲ, ಪ್ರಯಾಣಿಕರು ಕೊಟ್ಟ ಬಿರುದು. ಊರಿನ ಬಸ್ಸಿನ ಡ್ರೈವರು ಅವನು. ಬ್ರೇಕಿಗಿಂತ ಹಾರ್ನನ್ನೇ ಹೆಚ್ಚು ನಂಬಿದವನು. ಕೋಪ ಅವನ ಮೂಗಿನ ತುದಿಯಲ್ಲಿ ಖಾಯಂ ಸೀಟು ಹಿಡಿದು ಕೂತಿತ್ತು. ಅದೇ ಬಸ್ಸಿನ ಕಂಡಕ್ಟರು ಯಾರು ಅಂತೀರಿ? ಅವನ ಹೆಂಡತಿ! ಅವಳು "ರೈಟ್" ಅಂದ್ರೆ ಬಸ್ಸು ಹೊರಡಬೇಕು, "ಹೋಲ್ಡ್" ಅಂದ್ರೆ ನಿಲ್ಲಬೇಕು. ಮನೆಯಲ್ಲಿ ಗಂಡಂದಿರು ಹೆಂಡತಿ ಮಾತು ಕೇಳೋದು ಗುಟ್ಟಿನ ವಿಷಯ. ಹಾರ್ನಪ್ಪನಿಗೆ ಅದೇ ಸಂಬಳ ಬರುವ ಕೆಲಸ.

ಆದರೆ ಒಂದು ಕೊರಗಿತ್ತು. ಮದುವೆಯಾದಾಗಿನಿಂದ ಒಂದೇ ಬಂಡಿಯಲ್ಲಿ ತಿರುಗಿದರೂ ಅವಳು ಒಮ್ಮೆಯೂ ಅವನ ಪಕ್ಕ ಕೂತಿರಲಿಲ್ಲ. ಅವನು ಮುಂದೆ ಕೂತೇ ಇರುವವನು, ಅವಳು ಹಿಂದೆ ನಿಂತೇ ಇರುವವಳು. ಕೆಲಸದ ಹೊತ್ತಲ್ಲಿ ಅವಳ ಮುಖವನ್ನ ಅವನು ನೋಡಿದ್ದೆಲ್ಲ ತಲೆಯ ಮೇಲಿನ ಕನ್ನಡಿಯಲ್ಲಿ. ಈಗ ಅದಕ್ಕೂ ಕುತ್ತು ಬಂದಿತ್ತು. ನಿಂತು ನಿಂತು ಅವಳ ಮಂಡಿ ಕೈಕೊಟ್ಟಿತ್ತು. ಸೋಮವಾರದಿಂದ ಅವಳಿಗೆ ಡಿಪೋದ ಕಿಟಕಿಯಲ್ಲಿ ಕೂತು ಪಾಸು ಕೊಡುವ ಕೆಲಸ. ಬಸ್ಸಿಗೆ ಬೇರೆ ಯಾರೋ ಬರ್ತಾರೆ.

ಅವರ ದಾರಿಯಲ್ಲಿ ಒಂದು ಕಾರಿನ ಶೋರೂಮಿತ್ತು. ಗಾಜಿನೊಳಗೆ ಒಂದು ಕೆಂಪು ಕಾರು. ಎರಡೇ ಸೀಟು, ಮೇಲೆ ಛಾವಣಿಯೇ ಇಲ್ಲ. ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಅವಳು ಬಗ್ಗಿ ನೋಡೋಳು. ಒಂದು ದಿನ ಅಂದುಬಿಟ್ಟಳು: "ಅಂಥದ್ರಲ್ಲಿ ಒಂದ್ಸಲ ಕಾಲು ಚಾಚಿ ಕೂರಬೇಕು ಕಣ್ರೀ." ಶೋರೂಮಿನ ಬಾಗಿಲಲ್ಲಿ 'ಬನ್ನಿ, ಓಡಿಸಿ ನೋಡಿ' ಅಂತ ಬೋರ್ಡಿತ್ತು. ಪ್ರತಿಜ್ಞೆಗೆ ಇನ್ನೇನು ಬೇಕು?

ಭಾನುವಾರ ಇಬ್ಬರೂ ಇದ್ದುದರಲ್ಲಿ ಒಳ್ಳೆ ಬಟ್ಟೆ ತೊಟ್ಟು ಒಳಗೆ ಹೋದರು. ಆ ಏಸಿಯ ಚಳಿ ನೋಡಬೇಕು! ಬಂದ ಗಿರಾಕಿ ಕೆಡದ ಹಾಗೆ ಇಡೋದಕ್ಕೆ ಹಾಕಿದ್ದಾರೋ ಏನೋ! ಟೈ ಕಟ್ಟಿದ ಒಬ್ಬ ಸೇಲ್ಸ್‌ನವನು ನಗುನಗುತ್ತಾ ಓಡಿ ಬಂದ. ಹಾರ್ನಪ್ಪ ಮನಸ್ಸಿನಲ್ಲೇ ಅವನಿಗೆ 'ಟೈರಾಯ' ಅಂತ ನಾಮಕರಣ ಮಾಡಿದ.

"ಸಾರ್ ಈಗ ಯಾವ ಗಾಡಿ ಓಡಿಸ್ತಿದ್ದೀರಾ?"

"ಇದಕ್ಕಿಂತ ಉದ್ದಂದು."

"ಎಷ್ಟು ಸೀಟರ್ ಸಾರ್?"

"ಕೂತವರನ್ನ ಎಣಿಸಬೇಕೋ, ನಿಂತವರನ್ನೂ ಸೇರಿಸಬೇಕೋ?"

ಹೆಂಡತಿ ಹಿಂದಿನಿಂದ ಚಿವುಟಿದಳು. ಟೈರಾಯನ ಕಣ್ಣರಳಿತು. "ಓಹೋ! ಸಾರ್‌ದು ಟ್ರಾವೆಲ್ಸ್ ಬಿಸಿನೆಸ್ಸು! ಡ್ರೈವರ್ ಇಟ್ಕೊಂಡಿರ್ತೀರಲ್ಲ?"

"ಒಬ್ಬ ಇದ್ದಾನೆ. ಮಹಾ ಕೋಪಿಷ್ಠ," ಅಂದಳು ಹೆಂಡತಿ. "ಬಿಡೋ ಹಾಗಿಲ್ಲ, ಇಟ್ಕೊಳ್ಳೋ ಹಾಗಿಲ್ಲ."

ಕಾರು ಅಂಗಳಕ್ಕೆ ಬಂತು. ಹಾಲಿನ ಕೆನೆ ಬಣ್ಣದ ಚರ್ಮದ ಸೀಟು, ಮುಟ್ಟಿದರೆ ಬೆರಳಿಗೇ ನಾಚಿಕೆಯಾಗಬೇಕು! ಹಾರ್ನಪ್ಪ ಹೆಂಡತಿಗಾಗಿ ಬಾಗಿಲು ತೆಗೆದ. ಅಷ್ಟರಲ್ಲಿ ಟೈರಾಯ ಸರ್ರನೆ ನುಗ್ಗಿ ತಾನೇ ಕೂತುಬಿಟ್ಟ.

"ಏಯ್! ಅದು ಇವಳ ಜಾಗ!"

"ರೂಲ್ಸ್ ಸಾರ್. ಮೊದಲನೇ ಸುತ್ತಿಗೆ ನಮ್ಮವರು ಒಬ್ಬರು ಇರಲೇಬೇಕು. ನಿಮ್ಮ ಕೈ ನೋಡ್ಕೊಂಡು ಎರಡನೇ ಸುತ್ತು ಮೇಡಂ ಜೊತೆ ನೀವೇ ಹೋಗಿ. ಊರೆಲ್ಲ ಸುತ್ತಿ!"

"ನನ್ನ ಕೈ ನೋಡ್ತೀಯಾ? ಇಡೀ ಊರನ್ನೇ ಹೊತ್ತ ಕೈಯಯ್ಯಾ ಇದು!"

"ಜಗಳ ಆಡ್ಬೇಡಿ, ಹೋಗ್ಬನ್ನಿ. ನಾನಿಲ್ಲೇ ಕೂತಿರ್ತೀನಿ," ಅಂದಳು ಹೆಂಡತಿ. ಆಮೇಲೆ ಮೆತ್ತಗೆ, "ಬೇಗ ಬನ್ನಿ," ಅಂತ ಸೇರಿಸಿದಳು. ಆ 'ಬೇಗ ಬನ್ನಿ' ಅನ್ನುವಾಗ ಅವಳ ಮುಖದಲ್ಲಿ ಹುಡುಗಿಯ ಕಳೆಯಿತ್ತು. ಅದನ್ನ ನೋಡಿದ ಮೇಲಾದರೂ ಅವನು ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕಿತ್ತು. ಎಲ್ಲಿ ಬಂದ!

ಕಾರು ಬೆಣ್ಣೆಯ ಮೇಲೆ ಚಾಕು ಹರಿದ ಹಾಗೆ ಹೊರಟಿತು. ಟೈರಾಯ ಕುದುರೆಶಕ್ತಿಯ ಪುರಾಣ ಶುರುಮಾಡಿದ. ಹಾರ್ನಪ್ಪನ ಕಿವಿ ಅಲ್ಲಿರಲಿಲ್ಲ. ಎರಡನೇ ಸುತ್ತಿನಲ್ಲಿ ಹೆಂಡತಿಯನ್ನ ಎತ್ತ ಕರಕೊಂಡು ಹೋಗಲಿ, ಕೆರೆ ಏರಿ ಮೇಲೋ ದೊಡ್ಡ ರಸ್ತೆಯಲ್ಲೋ ಅಂತ ಅವನ ತಲೆ ಲೆಕ್ಕ ಹಾಕುತ್ತಿತ್ತು. ತಲೆ ಬೇರೆ ಕಡೆ ಹೋದರೆ ಕೈಕಾಲು ತಮ್ಮ ಹಳೇ ಕಸುಬಿಗೆ ಇಳಿಯುತ್ತವೆ. ಮುಂದೆ ಬಸ್ ಸ್ಟಾಪು ಕಂಡಿತು. ಯಾರೋ ಕೈ ಅಡ್ಡ ಹಿಡಿದರು. ಹಾರ್ನಪ್ಪನ ಕೈ ತಾನಾಗಿ ಇಂಡಿಕೇಟರ್ ಹಾಕಿತು. ಕೆಂಪು ಕಾರು ಹೂವಿನ ಹಾಗೆ ಅಂಚಿಗೆ ಬಂದು, ಗೆರೆಯೊಳಗೆ ಅಚ್ಚುಕಟ್ಟಾಗಿ ನಿಂತಿತು.

"ಯಾಕೆ ಸಾರ್ ನಿಲ್ಲಿಸಿದ್ರಿ?"

"ಕಣ್ಣು ಕಾಣಲ್ವೇನ್ರೀ? ಸ್ಟಾಪು!"

ಹೇಳಿದ ಮೇಲೆ ತಾನು ಕೂತಿರೋದು ಕಾರಿನಲ್ಲಿ ಅನ್ನೋದು ನೆನಪಾಯಿತು. ಆದರೆ ಹೊತ್ತು ಮೀರಿತ್ತು. ಕೈ ಅಡ್ಡ ಹಿಡಿದವಳು ಚೀಲದಜ್ಜಿ, ದಿನಾ ಅವನ ಬಸ್ಸಿಗೆ ಹತ್ತುವ ಮುದುಕಿ. ಎರಡು ಕೈಯಲ್ಲೂ ಚೀಲ, ನಾಲಿಗೆಯಲ್ಲಿ ಚಾಟಿ.

"ಇದೇನೋ, ಇವತ್ತು ಬಸ್ಸು ಇಷ್ಟೇನಾ? ಮೇಲಿನ ತಗಡು ಎಲ್ಲಿ ಬೀಳಿಸ್ಕೊಂಡು ಬಂದೆ?"

"ಇದು ಬಸ್ಸಲ್ಲ ಅಜ್ಜಿ!"

"ಬಸ್ಸಲ್ಲದಿದ್ರೆ ಸ್ಟಾಪಲ್ಲಿ ಯಾಕೆ ನಿಲ್ಲಿಸ್ದೆ?"

ಅಜ್ಜಿ ಟೈರಾಯನ ಕಡೆ ತಿರುಗಿದಳು. "ಏನಪ್ಪಾ, ಕುತ್ತಿಗೆಗೆ ಪಟ್ಟಿ ಕಟ್ಕೊಂಡು ಕಲ್ಲಿನ ಹಾಗೆ ಕೂತಿದ್ದೀಯಲ್ಲ. ವಯಸ್ಸಾದವರು ಬಂದ್ರೆ ಏಳಬೇಕು ಅನ್ನೋದು ಮನೇಲಿ ಕಲಿಸ್ಲಿಲ್ವಾ?"

ಪಾಪ ಟೈರಾಯ! ಕಂಪನಿ ಅವನಿಗೆ ಎಲ್ಲರ ಜೊತೆಗೂ ವಿನಯವಾಗಿರೋದನ್ನ ಹೇಳಿಕೊಟ್ಟಿತ್ತು, ಅಜ್ಜಿಯರಿಂದ ತಪ್ಪಿಸಿಕೊಳ್ಳೋದನ್ನ ಹೇಳಿಕೊಟ್ಟಿರಲಿಲ್ಲ. "ಮೇಡಂ, ಸ್ವಲ್ಪ ಕೇಳಿ," ಅನ್ನುತ್ತಾ ಬಾಗಿಲು ತೆಗೆದು ಇಳಿದ. ಇಳಿದನೋ ಇಲ್ಲವೋ, ಅಜ್ಜಿ ಹತ್ತಿದಳು. ಚೀಲಗಳನ್ನ ಮಡಿಲಲ್ಲಿ ಇಟ್ಟು ಬಾಗಿಲು ದಢಾರನೆ ಎಳೆದುಕೊಂಡಳು.

ಅದೇ ಗಳಿಗೆಗೆ ಹಿಂದೆ ಬಸ್ಸು ಬಂದು ನಿಂತಿತು. ಹಾರ್ನಪ್ಪನದೇ ಬಸ್ಸು, ಅವತ್ತು ಬದಲಿ ಡ್ರೈವರು, ಬದಲಿ ಕಂಡಕ್ಟರು. ಜನ ಹತ್ತಿದರು. ಕಂಡಕ್ಟರು ತಗಡಿನ ಮೇಲೆ ಪಟಪಟ ಬಡಿದು ಕೂಗಿದ:

"ರೈಟ್!"

ಮುಗಿಯಿತು. ಆ ಒಂದು ಶಬ್ದ ಹಾರ್ನಪ್ಪನ ಕಿವಿಗೆ ಬಿದ್ದರೆ ತಲೆಗೆ ಹೋಗುವುದಿಲ್ಲ, ನೆಟ್ಟಗೆ ಬಲಗಾಲಿಗೆ ಇಳಿಯುತ್ತದೆ. ಅದೂ ಬಸ್ಸಿನ ಪೆಡಲು ತುಳಿದು ಪಳಗಿದ ಕಾಲು. ಹಳೇ ಎಮ್ಮೆಯನ್ನ ಏಳಿಸುವಷ್ಟು ಬಲವಾಗಿ ತುಳಿಯಿತು. ಈ ಕಾರೋ, ಮುಟ್ಟಿದರೆ ಹಾರುವ ಜಿಂಕೆ. ಹಾರಿತು! "ಸಾರ್! ಸಾರ್! ಕಾರ್!" ಅಂತ ಟೈಯನ್ನ ಬಾವುಟದ ಹಾಗೆ ಹಾರಿಸುತ್ತಾ ಟೈರಾಯ ಓಡಿ ಬಂದದ್ದು ಕನ್ನಡಿಯಲ್ಲಿ ಕಾಣಿಸಿತು. ಆಮೇಲೆ ಅವನು ಚಿಕ್ಕವನಾದ. ಆಮೇಲೆ ಇಲ್ಲವಾದ.

"ಅಯ್ಯೋ ಪಾಪಿ! ನನ್ನನ್ನ ಮೇಲಕ್ಕೇ ಕಳಿಸ್ತಿದ್ದೀಯೇನೋ?" ಅಜ್ಜಿ ಕಣ್ಣು ಮುಚ್ಚಿ ಕಿರುಚಿದಳು. ಚೀಲ ಉರುಳಿತು. ಟೊಮೆಟೊಗಳಿಗೆ ಸ್ವಾತಂತ್ರ್ಯ ಬಂತು! ಒಂದೆರಡು ಗಾಳಿಗೆ ಹಾರಿ ರಸ್ತೆಗೆ ಹೋದವು, ಮಿಕ್ಕವು ಕೆನೆ ಬಣ್ಣದ ಸೀಟಿನ ಮೇಲೆ ಅಜ್ಜಿಯ ಕೆಳಗೇ ಸೇರಿ ಅಪ್ಪಚ್ಚಿಯಾದವು.

ಅದು ಒಮ್ಮುಖ ರಸ್ತೆ, ತಿರುಗಿಸುವ ಹಾಗಿಲ್ಲ. ನಡುದಾರಿಯಲ್ಲಿ ಇಳಿಸೋಣವೆಂದರೆ ಅಜ್ಜಿ, "ನನ್ನ ಸ್ಟಾಪು ಬರೋವರೆಗೂ ನಾನು ಕದಲಲ್ಲ" ಅಂತ ಬಾಗಿಲ ಹಿಡಿ ಕಚ್ಚಿ ಹಿಡಿದಳು. ಅವಳ ಸ್ಟಾಪು ಯಾವುದು? ಎಲ್ಲಕ್ಕಿಂತ ಕೊನೇದು!

ಕೊನೇ ಸ್ಟಾಪಿನಲ್ಲಿ ಇಳಿದು, ಹಿಂಭಾಗಕ್ಕೆ ಅಂಟಿದ ಟೊಮೆಟೊ ಒರೆಸಿಕೊಳ್ಳುತ್ತಾ ಅಜ್ಜಿ ಸುತ್ತ ನೋಡಿದಳು.

"ಎಲ್ಲೋ ಅವಳು?"

"ಯಾರು?"

"ನಿನ್ನ ಹೆಂಡತಿ ಕಣೋ. ಇಷ್ಟು ಚೆಂದದ ಗಾಡಿ ತಂದಿದ್ದೀಯ, ಅವಳನ್ನ ಬಿಟ್ಟು ನೀನೊಬ್ಬನೇ ಮೆರೀತಿದ್ದೀಯಾ? ನಾಚಿಕೆ ಆಗ್ಬೇಕು!"

ಹಾರ್ನಪ್ಪನಿಗೆ ಊರವರೆಲ್ಲ ಬೈದಿದ್ದಾರೆ. ಎಲ್ಲರಿಗೂ ಬಡ್ಡಿ ಸೇರಿಸಿ ತಿರುಗಿಸಿ ಬೈದಿದ್ದಾನೆ. ಅವತ್ತು ಮಾತ್ರ 'ಬೇಗ ಬನ್ನಿ' ಅಂದ ಮುಖ ಕಣ್ಣ ಮುಂದೆ ಬಂತು.

ಅವಸರ ಅವಸರವಾಗಿ ರಿವರ್ಸ್ ಹಾಕಿದ. ಅವನು ಇಷ್ಟು ಕಾಲ ಆ ಜಾಗದಲ್ಲಿ ರಿವರ್ಸ್ ತೆಗೆದದ್ದು ಅವಳ ದನಿ ಹಿಡಿದುಕೊಂಡು. ಅವಳು ಹಿಂದೆ ಇಳಿದು, ಬಸ್ಸಿನ ಬೆನ್ನು ತಟ್ಟುತ್ತಾ, "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡ್!" ಅನ್ನೋಳು. ಈ ಕಾರಿನೊಳಗಿನ ಯಂತ್ರ ಏನೋ ಕೀ ಕೀ ಅಂತ ಒದರುತ್ತಿತ್ತು. 'ನಿನ್ನ ಮಾತು ಯಾರಿಗೆ ಬೇಕು, ಸುಮ್ಮನಿರು' ಅಂತ ಅದನ್ನ ಗದರಿಸಿ, ಕನ್ನಡಿಯಲ್ಲಿ ಅವಳನ್ನ ಹುಡುಕುತ್ತಾ ಹಿಂದೆ ಹಿಂದೆ ಹೋದ. ಹೋಲ್ಡ್ ಬರಲಿಲ್ಲ. ಗೋಡೆ ಬಂತು.

ಶೋರೂಮಿಗೆ ಕಾರು ಮರಳಿದಾಗ ಅದರ ಹಿಂಭಾಗ ಪೆಟ್ಟು ತಿಂದ ಪಾತ್ರೆಯಂತಿತ್ತು, ಒಳಗಿನ ಸೀಟಿಗೆ ಟೊಮೆಟೊ ರಸದ ಅಭಿಷೇಕವಾಗಿತ್ತು. ಬಾಗಿಲಲ್ಲಿ ಮ್ಯಾನೇಜರಮ್ಮ ನಿಂತಿದ್ದಳು. ಅವಳ ಪಕ್ಕ ಟೈರಾಯ, ಟೈ ಭುಜದ ಮೇಲೆ, ಉಸಿರು ಇನ್ನೂ ದಾರಿಯಲ್ಲಿ. ಪೊಲೀಸರಿಗೆ ಫೋನು ಮಾಡೋದೊಂದು ಬಾಕಿಯಿತ್ತು. ಅದನ್ನ ತಡೆದವಳು ಹೆಂಡತಿಯೇ. "ಅವರು ಕಳ್ಳರಲ್ಲಮ್ಮ. ಎಲ್ಲಾ ಸ್ಟಾಪ್ ಮುಗಿಸಿ ತಾವಾಗೇ ಬರ್ತಾರೆ. ಕೂತ್ಕೊಳ್ಳಿ," ಅಂದಿದ್ದಳಂತೆ.

"ಎರಡನೇ ಸುತ್ತು…" ಅಂದ ಹಾರ್ನಪ್ಪ.

ಮ್ಯಾನೇಜರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೂ ತಿರುಗಿ ಕೂಗಾಡುವ ದಾರಿಯಿತ್ತು. ತಣ್ಣಗೆ ಕೈ ಚಾಚಿದಳು. "ಕೀ ಕೊಡಿ. ರಿಪೇರಿ ವಿಮೆಯವರು ನೋಡ್ಕೋತಾರೆ. ನೀವು ದಯವಿಟ್ಟು ಹೊರಡಿ."

ಮಾತಿಗೆ ಮುಂಚೆ ಕೈ ಎತ್ತುವ ಮನುಷ್ಯ ಅವತ್ತು ಕೈ ಮುಗಿದ. "ಅಮ್ಮಾ, ಓಡಿಸೋದು ಬೇಡ. ನಿಂತ ಕಾರಿನಲ್ಲೇ ಸಾಕು, ಇವಳು ಒಂದು ಗಳಿಗೆ ಕೂತು ಏಳಲಿ."

"ಎಲ್ಲಿ ಕೂರಿಸಲಿ, ನೀವೇ ನೋಡಿ."

ನೋಡಿದ. ಆಗಲೇ ಇಬ್ಬರು ಬಂದು ಆ ಸೀಟನ್ನು ಸೋಪಿನ ನೊರೆಯಲ್ಲಿ ಮುಳುಗಿಸಿದ್ದರು.

"ಬನ್ರೀ, ಹೋಗೋಣ," ಅಂದಳು ಹೆಂಡತಿ.

ಮನೆಯ ಕಡೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು. ಹೆಂಡತಿಗೆ ಕಿಟಕಿ ಪಕ್ಕ ಒಂದು ಸೀಟು ಸಿಕ್ಕಿತು. ಅವಳ ಮಗ್ಗುಲಲ್ಲಿ ಯಾರೋ ದಪ್ಪನೆಯ ಮನುಷ್ಯ ಕೂತು ಆಗಲೇ ಗೊರಕೆ ಹೊಡೆಯುತ್ತಿದ್ದ. ಹಾರ್ನಪ್ಪ ಕಂಬಿ ಹಿಡಿದು ನೇತಾಡಿದ. ಡ್ರೈವರು ಬ್ರೇಕು ಹಾಕಿದಾಗಲೆಲ್ಲ ಮುಂದಿನವರ ಬೆನ್ನಿಗೆ ಬಿದ್ದ, ಬೈಸಿಕೊಂಡ. ನಿಂತವರ ಮಂಡಿಗೆ ಬ್ರೇಕು ಹೇಗೆ ಕಚ್ಚುತ್ತದೆ ಅಂತ ಇಷ್ಟು ವರ್ಷಕ್ಕೆ ಈಗ ಗೊತ್ತಾಯಿತು. ಅವನು ಬ್ರೇಕು ಹಾಕಿದಾಗಲೆಲ್ಲ ಅವಳು ಒಂದು ದಿನವೂ ಏನೂ ಅಂದಿರಲಿಲ್ಲ.

"ತಪ್ಪಾಯ್ತು ಕಣೇ," ಅಂದ, ಅಷ್ಟು ಜನರ ನಡುವೆ. "ನಾಳೆಯಿಂದ ನೀನು ಡಿಪೋದಲ್ಲಿ. ಇದೊಂದು ಮಾಡ್ಬೇಕು ಅಂದ್ಕೊಂಡಿದ್ದೆ. ಇದೊಂದೂ ಆಗ್ಲಿಲ್ಲ."

ಅವಳು ಕಿಟಕಿಯಿಂದ ಅವನ ಕಡೆ ತಿರುಗಿದಳು. ಆಮೇಲೆ ಕೇಳಿದಳು:

"ಅಲ್ಲಾರೀ, ನನ್ನ ಬದಲು ಆ ಅಜ್ಜಿ ಕೂತಿದ್ಲಲ್ಲ, ಅವಳು ಹೇಗಿದ್ಲು? ಅದನ್ನಾದ್ರೂ ಹೇಳಿ."

"ಹೇಗಿರ್ತಾಳೆ? ಕಣ್ಣು ಮುಚ್ಕೊಂಡು, ಜೀವ ಕೈಲಿ ಹಿಡ್ಕೊಂಡು, ದಾರಿಯುದ್ದಕ್ಕೂ ನನ್ನ ಬೈಕೊಂಡು!"

"ಅಷ್ಟೇನಾ?" ಹೆಂಡತಿ ನಿಟ್ಟುಸಿರು ಬಿಟ್ಟು ಕಾಲು ಚಾಚಿದಳು. "ಹಾಗಾದ್ರೆ ಕೊರಗಬೇಡಿ ಬಿಡಿ. ಆ ಸವಾರಿ ನಾನು ಮದುವೆ ಆದಾಗಿಂದ ಮಾಡ್ತಾನೇ ಇದ್ದೀನಿ."