ಬೀಳದೆ ಇಳಿದುಹೋದ ಹದಿನೇಳನೇ ಇಲಿಯವರಿಗೆ

ಮಾನ್ಯ ಹದಿನೇಳನೇ ಸಂಖ್ಯೆಯವರೇ,

ಕಿಟಕಿ ಪಕ್ಕದ ಪಂಜರದಲ್ಲಿ, ನಾನೇ ಬದಲಾಯಿಸಿದ ಮರದ ಹೊಟ್ಟಿನ ಮೇಲೆ, ತಾವು ಮೀಸೆ ತೀಡುತ್ತಾ ಸುಖವಾಗಿದ್ದೀರೆಂದು ನಂಬಿ, ತಮ್ಮ ಕುಲದವರ ಕಾಲಿನ ಬಲವನ್ನು ಎರಡು ವರ್ಷದಿಂದ ಅಳೆಯುತ್ತಿರುವ ಈ ಸಂಶೋಧನಾ ವಿದ್ಯಾರ್ಥಿನಿ ವಂದಿಸಿ ಬರೆಯುವುದೇನೆಂದರೆ:

ತಮ್ಮ ವಂಶದಿಂದ ಒಂದು ಜೀನನ್ನು ತೆಗೆಯಲಾಗಿದೆ. ಅದಿಲ್ಲದಿದ್ದರೆ ನಡಿಗೆಯ ಹಿಡಿತ ತಪ್ಪುತ್ತದೆಯೇ ಎಂಬುದೇ ನನ್ನ ಪ್ರಬಂಧ. ಅಮ್ಮ ನೆಂಟರ ಮುಂದೆಲ್ಲ ಈಗಾಗಲೇ ಸಾರಿಬಿಟ್ಟಿರುವ ಡಾಕ್ಟರೇಟು ಕೂಡ ಅದೇ. ತಿರುಗುವ ಕೋಲಿನ ಮೇಲೆ ತಮ್ಮನ್ನು ಹತ್ತಿಸಿ, ವೇಗ ಏರಿಸುತ್ತಾ, ಎಷ್ಟು ಸೆಕೆಂಡಿಗೆ ಬೀಳುತ್ತೀರೆಂದು ಬರೆದುಕೊಂಡೆ. ಮೊದಲ ದಿನ ಇನ್ನೂರು, ಮೂರನೇ ದಿನ ತೊಂಬತ್ತು, ಆರನೇ ದಿನ ಒಂಬತ್ತು. ತಮ್ಮ ಪಂಜರದವರೆಲ್ಲ ತಮ್ಮನ್ನೇ ಅನುಸರಿಸಿದರು. ಸಂತೋಷಕ್ಕೆ ನಾನು ಮೆಟ್ಟಿಲ ಮೇಲೆಲ್ಲ ಕುಣಿದೆ. ಮಾರ್ಗದರ್ಶಕರು ಕನ್ನಡಕ ಒರೆಸಿಕೊಂಡು ಗ್ರಾಫನ್ನು ಎರಡು ಸಲ ನೋಡಿದರು.

ಅಷ್ಟರಲ್ಲಿ ಪಂಜರ ತೊಳೆಯುವ ಅಣ್ಣ, ಬ್ರಷ್ ಹಿಡಿದೇ ತಮ್ಮನ್ನು ಗಮನಿಸಿ, "ಮೇಡಂ, ಇದು ಬೀಳ್ತಿಲ್ಲ, ಇಳೀತಿದೆ. ಇಳಿದು ನಿಮ್ಮ ಜೇಬು ನೋಡ್ತಿದೆ" ಎಂದುಬಿಟ್ಟರು.

ಜೇಬಿನಲ್ಲಿ ಸೂರ್ಯಕಾಂತಿ ಬೀಜಗಳಿದ್ದವು. ಜೀನಿಲ್ಲದ ಕೂಸು, ಪಾಪ ಬಿತ್ತಲ್ಲ ಎಂದು ತಾವೂ ತಮ್ಮ ಪಂಜರದವರೂ ಬಿದ್ದಾಗಲೆಲ್ಲ ಒಂದೊಂದು ಕೊಡುತ್ತಿದ್ದವಳು ನಾನೇ. ಯಾವ ಇಲಿಗೆ ಜೀನಿದೆ, ಯಾವುದಕ್ಕಿಲ್ಲ ಎಂದು ಅಳೆಯುವವಳಿಗೆ ಗೊತ್ತಿರಬಾರದೆಂಬ ನಿಯಮವಿದೆ. ನಾನು ಪಟ್ಟಿಯನ್ನು ಕದ್ದು ನೋಡಿದ್ದೆ. ಜೀನಿದ್ದ ತಮ್ಮ ದಾಯಾದಿಗಳು ಪರೀಕ್ಷೆಯ ಪೂರ್ತಿ ಐದು ನಿಮಿಷ ಓಡಿಯೂ ಬರಿಗೈಲಿ ಮರಳಿದರು.

ನಾಲ್ಕು ದಿನ ಬೀಜ ನಿಲ್ಲಿಸಿದೆ. ತಾವು ಐದು ನಿಮಿಷವೂ ಓಡಿ, ಯಂತ್ರ ನಿಂತ ಮೇಲೂ ಬಸ್ಸಿಗೆ ಕಾಯುವವರಂತೆ ಕೋಲಿನ ಮೇಲೇ ಕೂತಿರಿ. ಸ್ನಾತಕೋತ್ತರ ಪದವೀಧರೆಯೊಬ್ಬಳನ್ನು ಆರೇ ದಿನದಲ್ಲಿ ಪಳಗಿಸಿದ ತಮ್ಮ ಪ್ರಯೋಗಕ್ಕೆ ಹೃತ್ಪೂರ್ವಕ ಅಭಿನಂದನೆಗಳು. ನನ್ನದು ಮಣ್ಣುಪಾಲಾಯಿತು. ಆದ್ದರಿಂದ ತಾವು ಒಮ್ಮೆಯಾದರೂ ಪ್ರಾಮಾಣಿಕವಾಗಿ ಬೀಳಬೇಕೆಂದೂ, ಆಗದಿದ್ದಲ್ಲಿ ನಾಳೆ ಮಾರ್ಗದರ್ಶಕರ ಕೋಣೆಗೆ ನನ್ನ ಬದಲು ತಾವೇ ಹೋಗಿ ವಿಷಯ ತಿಳಿಸಬೇಕೆಂದೂ, ಅಮ್ಮನಿಗೊಂದು ಫೋನ್ ಮಾಡಬೇಕೆಂದೂ ಕೋರುತ್ತೇನೆ. ನನಗೆ ನಿಜವಾಗಿಯೂ ಭಯವಾಗುತ್ತಿದೆ.

ಬರಿದಾದ ಜೇಬಿನೊಂದಿಗೆ,
ತಮ್ಮ ವಿಶ್ವಾಸಿ,
ಬೀಜದಕ್ಕ

ಮರುದಿನ ಸೇರಿಸಿದ ಮಾತು: ತಾವು ಹೋಗದ ಕಾರಣ ನಾನೇ ಹೋಗಿ ತಪ್ಪೊಪ್ಪಿಕೊಂಡು ಅತ್ತೆ. ಮಾರ್ಗದರ್ಶಕರು, "ಪಾಪ, ಹೋಗ್ಲಿ ಬಿಡಮ್ಮ, ಇನ್ನಾರು ತಿಂಗಳು ತಗೊಂಡು ಮೊದಲಿಂದ ಮಾಡು" ಎಂದು ಮೇಜಿನ ಡ್ರಾಯರಿನಿಂದ ಚಾಕೊಲೇಟು ತೆಗೆದುಕೊಟ್ಟರು. ಮುಂದಿನ ವಾರ ನಾನೂ ಅವರ ಮುಂದೆ ಮತ್ತೊಮ್ಮೆ ಬೀಳೋಣವೆಂದಿದ್ದೇನೆ. ಎಷ್ಟನೇ ಸೆಕೆಂಡಿಗೆ ಬಿದ್ದರೆ ಒಳ್ಳೆಯದೆಂದು ಅನುಭವಸ್ಥರಾದ ತಾವು ದಯವಿಟ್ಟು ತಿಳಿಸುವುದು.